ಏಳನೇ ತಂತಿ ಮತ್ತು ಗುರುವಾರದ ನೀರು

ಆರು ತಂತಿಯ ಗಿಟಾರ್ ಇದ್ದಷ್ಟು ಕಾಲ ರಾತಿಬ್ ಸಂಭಾವಿತ ಬಾಡಿಗೆದಾರನೆನಿಸಿಕೊಂಡಿದ್ದ. ತೊಂದರೆ ಶುರುವಾದದ್ದು ಏಳನೆಯದರಿಂದ.

ಹೊಸ ಗಿಟಾರ್ ಮಧ್ಯಮ ದರ್ಜೆಯದು. ಬಿಸಾಡುವಷ್ಟು ಅಗ್ಗವಲ್ಲ, ಜಂಬ ಕೊಚ್ಚುವಷ್ಟು ದುಬಾರಿಯೂ ಅಲ್ಲ. ಕತ್ತು ಇಸ್ತ್ರಿ ಹಲಗೆಯಷ್ಟು ಅಗಲ. ಸ್ವಲ್ಪ ಹೊತ್ತು ನುಡಿಸಿದರೆ ಎಡಗೈಯ ಹೆಬ್ಬೆರಳು ರಜೆ ಕೇಳುತ್ತಿತ್ತು. ತಂತಿ ಹರಿದರೆ ಇಡೀ ಅಮ್ಮಾನ್ ನಗರದಲ್ಲಿ ಅದನ್ನು ಮಾರುವ ಅಂಗಡಿ ಒಂದೇ, ಅದೂ ಮಾಲೀಕನಿಗೆ ಮನಸ್ಸು ಬಂದಾಗ ತೆರೆಯುವಂಥದ್ದು. ಆದರೆ ಆ ಏಳನೇ ತಂತಿ! ಮೀಟಿದರೆ ಬೆಟ್ಟವೊಂದು ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ ಗುಂಯ್ ಎನ್ನುತ್ತಿತ್ತು. ಆ ಸದ್ದಿಗೇ ಮರುಳಾಗಿ ವೈಬ್ದೆ ಬೆಟ್ಟದ ಬಡಾವಣೆಯ ಹುಡುಗರ ವಾದ್ಯತಂಡ ಅವನನ್ನು ಶುಕ್ರವಾರ ಸಂಜೆ ಪರೀಕ್ಷೆಗೆ ಕರೆದಿತ್ತು. ಗೆದ್ದರೆ ತಂಡದಲ್ಲಿ ಜಾಗ, ಇಲ್ಲದಿದ್ದರೆ ಜೀವನಪೂರ್ತಿ ಅದೇ ವಿಮಾ ಕಚೇರಿಯ ಕೆಲಸ. ಅಭ್ಯಾಸಕ್ಕೆಂದು ಹಿಂದಿನ ದಿನ ರಜೆ ಹಾಕಿ, ಕಿಟಕಿ ತೆರೆದು, ಸ್ಪೀಕರಿನ ಕಿವಿ ಹಿಂಡಿ, ಏಳನೇ ತಂತಿಯನ್ನು ಮೀಟಿದ.

ಆ ಹಿಂದಿನ ದಿನ ಗುರುವಾರ. ಅವರ ಬೀದಿಗೆ ವಾರಕ್ಕೊಮ್ಮೆ ನೀರು ಬಿಡುವ ದಿನ. ಯಾವ ಗಳಿಗೆಯಲ್ಲಿ ಬಿಡುತ್ತಾರೋ ದೇವರೇ ಬಲ್ಲ. ಕೆಳಗಿನ ತಿರುವಿನ ಮನೆಯ ಪಂಪು ಗುಂಯ್ ಎಂದರೆ ಬಂತೆಂದು ಲೆಕ್ಕ. ಆಗ ಎಲ್ಲರೂ ಬಿದ್ದೆದ್ದು ಓಡಿ ತಮ್ಮ ಪಂಪು ಹಾಕಿ ಮಾಳಿಗೆಯ ಟ್ಯಾಂಕು ತುಂಬಿಸಿಕೊಳ್ಳಬೇಕು.

"ನೀರು ಬಂತೂ!" ನೆಲಮಹಡಿಯಿಂದ ಮನೆ ಮಾಲೀಕನ ಹೆಂಡತಿ ಉಮ್ ಜರೀರ್ ಕೂಗಿದಳು.

ಕಟ್ಟಡ ಎದ್ದು ಕೂತಿತು. ಹೇಗೂ ಹೊಸ ನೀರು ಬಂತಲ್ಲ ಎಂದು ಟ್ಯಾಂಕಿನ ತಳದಲ್ಲಿದ್ದುದನ್ನೆಲ್ಲ ಉಮ್ ಜರೀರ್ ಜಮಖಾನಕ್ಕೂ ಮೆಟ್ಟಿಲಿಗೂ ಸುರಿದಳು. ಎರಡನೇ ಮಹಡಿಯ ನದೀರ್ ಮೇಷ್ಟ್ರು ತಲೆಗೆ ಸಾಬೂನು ಹಚ್ಚಿ ನಲ್ಲಿ ತಿರುಗಿಸಿದರು. ನಲ್ಲಿ ಕೆಮ್ಮಿತು. ಬರೀ ಗಾಳಿ ಎಳೆದು ಎಳೆದು ಮಾಲೀಕ ಅಬು ಜರೀರನ ಪಂಪಿನಿಂದ ಹೊಗೆ ಬಂತು. ಗುಂಯ್ ಮಾತ್ರ ರಾತಿಬನ ಮೂರನೇ ಮಹಡಿಯಿಂದ ಬರುತ್ತಲೇ ಇತ್ತು.

ಮೂವರೂ ರಾತಿಬನ ಬಾಗಿಲಿಗೆ ಬಂದರು.

"ನಿಮ್ಮಪ್ಪನ ಮುಖ ನೋಡಿ ಮನೆ ಕೊಟ್ಟೆ ಕಣಪ್ಪಾ," ಎಂದ ಅಬು ಜರೀರ್. "ಗಿಟಾರ್ ಅಂದ್ರೆ ಟಿಣಿಟಿಣಿ ಅನ್ಬೇಕು. ಇದೇನಿದು, ಕತ್ತೆ ಬಾವಿಗೆ ಬಿದ್ದ ಹಾಗೆ?"

"ಏಳನೇ ತಂತಿ, ಹಾಜಿ. ಸ್ವಲ್ಪ ದಪ್ಪ."

"ನ್ಯಾಯವಾಗಿ ಎಷ್ಟು ತಂತಿ ಇರ್ಬೇಕು?" ತಲೆಯ ಮೇಲೆ ನೊರೆ ಹೊತ್ತುಕೊಂಡೇ ಮೇಷ್ಟ್ರು ಕೇಳಿದರು.

"ಸಾಮಾನ್ಯವಾಗಿ... ಆರು."

"ನೋಡಿದ್ರಾ!" ಉಮ್ ಜರೀರ್ ಗೆದ್ದಳು. "ಒಂಟೆಗೆ ಎರಡು ಡುಬ್ಬ ಇರತ್ತಾ ಎಲ್ಲಾದ್ರೂ?"

"ಇರತ್ತಮ್ಮಾ, ಮಧ್ಯ ಏಷ್ಯಾದಲ್ಲಿ," ಎಂದರು ಮೇಷ್ಟ್ರು. ನಲವತ್ತು ವರ್ಷ ಭೂಗೋಳ ಕಲಿಸಿದವರು.

"ಹಾಗಾದ್ರೆ ಇದನ್ನೂ ಅಲ್ಲಿಗೇ ಕಳಿಸಿ!"

ತೀರ್ಪಾಯಿತು: ತಂತಿ ಬಿಚ್ಚಬೇಕು, ಇಲ್ಲವೇ ಮನೆ ಬಿಡಬೇಕು.

"ನಾಳೆ ಅವರು ಕರೆದಿರೋದೇ ಆ ತಂತಿಗೋಸ್ಕರ," ಎಂದು ರಾತಿಬ್ ಗೋಗರೆದ. ಯಾರೂ ಕರಗಲಿಲ್ಲ. ತನ್ನ ಹಲ್ಲನ್ನು ತಾನೇ ಕೀಳುವವನಂತೆ ಅವನು ತಂತಿ ಬಿಚ್ಚಿದ. ಅಬು ಜರೀರ್ ಅದನ್ನು ಸುತ್ತಿ ಜೇಬಿಗೆ ಹಾಕಿಕೊಂಡ.

ಆಗ ಕೇಳಿಸಿತು: ಗುಂಯ್.

ಎಲ್ಲರೂ ರಾತಿಬನನ್ನು ನೋಡಿದರು. ಅವನು ಎರಡೂ ಕೈ ಮೇಲೆತ್ತಿದ.

"ನಾನಲ್ಲ! ನೀರು! ನಿಜವಾದ ನೀರು! ಓಡಿ!"

"ಆಗ್ಲೂ ನಾವು ಹಾಗೇ ಅಂದ್ಕೊಂಡ್ವಿ," ಎಂದು ಅಬು ಜರೀರ್ ಸ್ಪೀಕರಿನ ವೈರನ್ನು ಗೋಡೆಯಿಂದ ಕಿತ್ತ. ಸದ್ದು ನಿಲ್ಲಲಿಲ್ಲ.

"ಒಳಗೆ ಕರೆಂಟ್ ಉಳ್ಕೊಂಡಿರತ್ತೆ," ಎಂದರು ಮೇಷ್ಟ್ರು. "ತಣ್ಣಗಾಗ್ಲಿ."

ರಾತಿಬ್ ಕೆಳಗೆ ಓಡಲು ಎದ್ದಾಗಲೆಲ್ಲ ಉಮ್ ಜರೀರ್ ಭುಜ ಹಿಡಿದು ಕೂರಿಸಿದಳು. ಅವನ ಅಡುಗೆಮನೆಯಲ್ಲಿದ್ದ ಕೊನೆಯ ಬಾಟಲಿ ನೀರಿನಲ್ಲಿ ಚಹಾ ಮಾಡಿ ಎಲ್ಲರಿಗೂ ಕೊಟ್ಟಳು. ಗಿಟಾರ್ ತಣ್ಣಗಾಗುವುದನ್ನು ಕಾಯುತ್ತ ಎಲ್ಲರೂ ಸುರ್ ಸುರ್ ಎಂದು ಕುಡಿದರು. ಲೋಟ ಬರಿದಾಗುವ ಹೊತ್ತಿಗೆ ಸದ್ದು ನಿಂತಿತು.

"ಹೇಳಿದ್ನಲ್ಲ," ಎಂದರು ಮೇಷ್ಟ್ರು.

ಎದುರು ಮಾಳಿಗೆಯಿಂದ ಯಾರೋ ಕೂಗಿದರು: "ಅಬು ಜರೀರ್! ನಿಮಗೇನು ನೀರು ಬೇಡ್ವಾ? ಬಂದು ಹೋಯ್ತಲ್ಲ! ನಮ್ದು ತುಂಬಿ ಹರೀತು!"

ಅಬು ಜರೀರ್ ನೀರಿನ ಕಚೇರಿಯಲ್ಲಿದ್ದ ಭಾವಮೈದುನನಿಗೆ ಫೋನ್ ಮಾಡಿದ, ಬೈದ, ಬೈಸಿಕೊಂಡ, ಇಟ್ಟ.

"ನಾಳೆ ಸಂಜೆ ಇನ್ನೊಂದು ಸಲ ಬಿಡ್ತಾರಂತೆ. ಸ್ವಲ್ಪ ಹೊತ್ತು." ಆಮೇಲೆ ರಾತಿಬನ ಕಡೆ ತಿರುಗಿದ, ದನಿಯಲ್ಲಿ ಹೊಸ ಮರ್ಯಾದೆ ಇತ್ತು. "ನಮ್ಮ ಕಿವಿ ಇನ್ನು ನಂಬೋ ಹಾಗಿಲ್ಲ. ನಿಜವಾದ ಸದ್ದನ್ನ ಗುರುತು ಹಿಡಿದವ್ನು ನೀನೊಬ್ನೇ. ನಾಳೆ ಕಿಟಕೀಲಿ ಕೂತು ಕೇಳಿಸ್ಕೋ. ನೀರೇ ಅಂತ ಖಾತ್ರಿ ಆದ್ಮೇಲೆ ಇದನ್ನ ಬಾರಿಸು." ಜೇಬಿನಿಂದ ತಂತಿ ತೆಗೆದು ಎರಡೂ ಕೈಯಿಂದ ಕೊಟ್ಟ.

"ನಾಳೆ ಸಂಜೆ ನಾನು ವೈಬ್ದೆಗೆ..."

"ಇಡೀ ಕಟ್ಟಡ ನಿನ್ನ ನಂಬಿದೆ, ಮಗನೇ."

ರಾತಿಬ್ ತಂತಿಯನ್ನು ಎದೆಗೊತ್ತಿಕೊಂಡ. ಹೋಗಲಿ, ಮುಂದೆ ಯಾವಾಗಲಾದರೂ ಇನ್ನೊಂದು ತಂಡ ಕರೆದೀತು.

"ಹಾಗಾದ್ರೆ ಇನ್ಮೇಲೆ ಏಳೂ ನುಡಿಸ್ಬಹುದಾ, ಹಾಜಿ?"

ಅಬು ಜರೀರ್ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಒಣಗಿದ ನೊರೆಯನ್ನು ಕೆರೆದುಕೊಂಡು ಯೋಚಿಸಿದರು.

"ಬೇಡ. ಸುಮ್ನೆ ಗೊಂದಲ ಆಗತ್ತೆ."

ಉಮ್ ಜರೀರ್ ಆಗಲೇ ಇಕ್ಕಳ ಹುಡುಕಿ ತಂದಿದ್ದಳು.

"ಅದೊಂದು ಸಾಕು ಕಣಪ್ಪಾ," ಎಂದಳು. "ಉಳಿದ ಆರನ್ನೂ ಬಿಚ್ಚು."