ಬೀಗದವರ ಬೀಗರು

ನಮ್ಮ ಕಡೆ ಅಡ್ಡಹೆಸರು ಇದ್ದವನಿಗೆ ನಗಲು ಬೇರೆ ಖರ್ಚು ಬೇಕಿಲ್ಲ. ಮನೆಯಿಂದ ಹೊರಬಿದ್ದರೆ ಸಾಕು, ಎಲ್ಲೋ ಒಂದು ಕಡೆ ಒಂದು ಪ್ರಸಂಗ ಕಾದುಕೊಂಡು ಕೂತಿರುತ್ತದೆ. ರೋಣದ ಪೇಟೆಯಲ್ಲಿ ಬೆಲ್ಲದ ಅನ್ನುವವರು ಮೆಣಸಿನಕಾಯಿ ಮಾರುತ್ತಾರೆ. ಉಪ್ಪಿನ ಅನ್ನುವವರಿಗೆ ಬಿ.ಪಿ. ಬಂದು ಡಾಕ್ಟರು ಉಪ್ಪು ಬಿಡಿಸಿದ್ದಾರೆ.

ನಮ್ಮದು ಬೀಗದ. ನಮ್ಮ ಮುತ್ತಜ್ಜ ಈ ಪೇಟೆಯಲ್ಲಿ ಅಂಗಡಿಗೆ ಮೊದಲು ಬೀಗ ಜಡಿದವನಂತೆ. ಉಳಿದವರೆಲ್ಲ ಕದಕ್ಕೆ ಹಗ್ಗ ಸುತ್ತಿ ಮನೆಗೆ ಹೋಗುವ ಕಾಲ. ಒಳಗೆ ಏನಿತ್ತೋ ಯಾರೂ ಕಂಡಿಲ್ಲ. ಬೀಗ ಮಾತ್ರ ಎಲ್ಲರಿಗೂ ಕಂಡಿತು. ಒಂದೇ ಒಂದು ಬೀಗದ ಖರ್ಚಿನಲ್ಲಿ ಇಷ್ಟು ತಲೆಮಾರಿಗೆ ಸಾಕಾಗುವಷ್ಟು ಹೆಸರು ಗಳಿಸಿದವನನ್ನು ವ್ಯಾಪಾರಿಯಾಗಿ ನಾನು ಮೆಚ್ಚಲೇಬೇಕು. ಆತ ರೋಣಕ್ಕೆ ಎಲ್ಲಿಂದ ಬಂದ ಅನ್ನುವುದೊಂದು ಯಾರಿಗೂ ಗೊತ್ತಿಲ್ಲ. ಮುಂದೆ ನಮ್ಮ ಕುತ್ತಿಗೆಗೆ ಬಂದದ್ದು ಅದೇ.

ನರಗುಂದದ ಚಹಾ

ನಾನು ಕಾಳಿನ ವ್ಯಾಪಾರಿ. ಹೆಸರು, ಕಡಲೆ ಕೊಂಡು ಮಾರುವುದು ಕೆಲಸ. ಮೈಸೂರು ಕಡೆಯವರೊಬ್ಬರು ನರಗುಂದದಲ್ಲಿ ಹೊಸದಾಗಿ ಅಂಗಡಿ ತೆರೆದಿದ್ದರು. ಅವರಲ್ಲಿ ಹೆಸರು ಚಲೋ ಬಂದಿದೆ ಅಂತ ಕೇಳಿ, ನಮ್ಮ ಗುಮಾಸ್ತನ ಕೈಲಿ ಫೋನ್ ಮಾಡಿಸಿದೆ. ಅವನು ಚುಟುಕಾಗಿ ಹೇಳಿದ: "ನಾಳೆ ಮುಂಜಾನಿ ರೋಣದಿಂದ ಬೀಗದವರು ಬರ್ತಾರ್ರಿ. ಅಂಗಡಿ ಬಿಟ್ಟು ಎಲ್ಲೂ ಹೋಗಬ್ಯಾಡ್ರಿ."

ಮರುದಿನ ಹೋದರೆ ಆ ಮನುಷ್ಯ ಲೈಸೆನ್ಸು, ತೆರಿಗೆ ಕಾಗದ ಎಲ್ಲ ಎದೆಗೆ ಅವಚಿಕೊಂಡು ಬಾಗಿಲಲ್ಲೇ ನಿಂತಿದ್ದಾರೆ. ಚಹಾ ಬಂತು. ಮಿರ್ಚಿ ಬಂತು. ಮತ್ತೊಂದು ಚಹಾ ಬಂತು.

"ನೋಡಿ ಸಾರ್, ಕಾಗದ ಎಲ್ಲಾ ಸರಿಯಾಗಿವೆ. ಏನಾದ್ರೂ ತಪ್ಪಿದ್ರೆ ಬಾಯಲ್ಲಿ ಹೇಳಿ. ಬಾಗಿಲಿಗೆ ಮಾತ್ರ ಕೈ ಹಾಕಬೇಡಿ."

ಅಂಗಡಿಗೆ ಬೀಗ ಜಡಿಯುವ ಸರಕಾರಿ ಮಂದಿ ಅಂತ ನನ್ನನ್ನು ತಿಳಿದಿದ್ದಾರೆ ಅನ್ನುವುದು ಎರಡನೇ ಚಹಾ ಮುಗಿಯುವಾಗ ನನಗೆ ಹೊಳೆಯಿತು. "ಬೀಗ ಹಾಕಾಕ ಬಂದಿಲ್ರಿ ಯಜಮಾನ್ರ," ಅಂದೆ. "ನಿಮ್ಮ ಹೆಸರು ಕೊಳ್ಳಾಕ ಬಂದೇನಿ."

ಅವರ ಮುಖ ಇನ್ನಷ್ಟು ಬಿಳಿಚಿತು. ಬೋರ್ಡಿನ ಕಡೆ ನೋಡಿ ಮೆಲ್ಲಗೆ ಹೇಳಿದರು: "ಅದು ನಮ್ಮ ತಂದೆಯವರ ಹೆಸರು ಸಾರ್. ಮಾರೋದಿಲ್ಲ."

ಮಂಟಪದ ಚಾವಿ

ಅದೇ ನರಗುಂದದಲ್ಲಿ ಒಂದು ಮದುವೆ. ನಾನು, ನನ್ನ ಮಗಳು ಹೋಗಿದ್ದೆವು. ಅವಳು ಗಜೇಂದ್ರಗಡದಲ್ಲಿ ಹೈಸ್ಕೂಲ್ ಟೀಚರು. ಊಟದ ಹೊತ್ತಿಗೆ ಮೈಕಿನಲ್ಲಿ ಕೂಗಿದರು: "ಬೀಗದವರ ಚಾವಿ ಸಿಕ್ಕೈತಿ, ಸ್ಟೇಜಿಗೆ ಬರ್ರಿ."

ಮದುವೆ ಮನೆಯಲ್ಲಿ ಬೀಗರಿಗೇನು ಕಡಿಮೆ? ಆ ಮೈಕಿನಲ್ಲಿ ಬೀಗದವರೂ ಬೀಗರೂ ಒಂದೇ ಸಮ ಕೇಳಿಸಿದ್ದಕ್ಕೆ ಗಂಡಿನ ಕಡೆ ಬೀಗರು, ಹೆಣ್ಣಿನ ಕಡೆ ಬೀಗರು, ಬೀಗರ ಬೀಗರು, ಎಲ್ಲರೂ ಜೇಬು ಮುಟ್ಟಿ ನೋಡಿಕೊಂಡರು. ಕೆಲವರು ಎಂಜಲು ಕೈಯಲ್ಲೇ ಎದ್ದರು. ಮೈಕಿನವನು ಬೇಸತ್ತು, "ಬೀಗರಲ್ರಿ, ಬೀಗದ. ಚಾವಿ ಬಿಲ್ಲೆ ಮ್ಯಾಲೆ ಬರದ ಅಡ್ಡಹೆಸರು," ಅಂದ ಮೇಲೆ ಗದ್ದಲ ಇಳಿಯಿತು. ಕೊನೆಗೆ ಸ್ಟೇಜಿನ ಕೆಳಗೆ ಇಬ್ಬರು ಉಳಿದರು. ಒಬ್ಬಳು ನನ್ನ ಮಗಳು. ಇನ್ನೊಬ್ಬ ಗಜೇಂದ್ರಗಡದಲ್ಲಿ ಪಂಪ್‌ಸೆಟ್ ಮೋಟರು ರಿಪೇರಿ ಮಾಡುವ ಹುಡುಗ.

"ನಾವು ಬೀಗದವರು," ಅಂದಳು ಇವಳು.

"ನಾವೂ ಬೀಗದವರ್ರಿ," ಅಂದ ಅವನು.

ಚಾವಿ ಅವನ ಬೈಕಿನದು. ನಾವು ಬಂದದ್ದು ಬಸ್ಸಿನಲ್ಲಿ. ಮಗಳ ಹತ್ತಿರ ಕಳೆಯಲು ಚಾವಿಯೇ ಇರಲಿಲ್ಲ. "ಮತ್ಯಾಕ ಹೋಗಿದ್ದಿ?" ಅಂದರೆ, "ನಮ್ಮ ಹೆಸರು ಕರದ್ರು ಅಪ್ಪಾ. ಯಾರರ ಒಬ್ಬರು ಹೋಗಬೇಕಲ್ಲ," ಅಂದಳು. ದೀಪಾವಳಿ ಕಳೆದ ಮೇಲೆ, ಮದುವೆ ಆದರೆ ಆ ಹುಡುಗನನ್ನೇ ಅಂತ ಸ್ಪಷ್ಟವಾಗಿ ಹೇಳಿದಳು.

ಚಾವಿ ಇಲ್ಲದೆ ಹೋಗಿ ಬೈಕಿನ ಮಾಲಕನನ್ನೇ ಹಿಡಿದು ತಂದವಳು. ಇಷ್ಟು ವರ್ಷ ಪೇಟೆಯಲ್ಲಿ ಕೂತು ನಾನು ಅಂಥ ಒಂದು ವ್ಯಾಪಾರ ಮಾಡಿಲ್ಲ.

ಕೋಟೆಯ ಬೀಗ

ನನಗೆ ಸಂಬಂಧ ಒಪ್ಪಿಗೆ ಇತ್ತು. ಹುಡುಗ ದುಡಿಯುವವನು. ಅಡ್ಡಹೆಸರು ಬದಲಿಸಲು ಮಗಳು ಆಫೀಸು ಅಲೆಯುವ ಕಾಟವೂ ಇಲ್ಲ. ತಕರಾರು ತೆಗೆದದ್ದು ನನ್ನ ಅವ್ವ.

"ಅವರೂ ಬೀಗದವರು, ನಾವೂ ಬೀಗದವರು. ಒಂದ ರಕ್ತ ಇದ್ರ ಏನ್ ಮಾಡ್ತಿ? ಬ್ಯಾರೆ ಅಂತ ತೋರಸು, ಲಗ್ನದಾಗ ಅಕ್ಕಿಕಾಳು ನಾನ ಮದಲ ಹಾಕ್ತೀನಿ."

ನಮ್ಮಲ್ಲಿ ಇಂಥದಕ್ಕೆ ಬೆಡಗು ಅಂತ ಕುಲದ ಗುರುತು ಕೇಳುತ್ತಾರೆ. ಎರಡೂ ಮನೆಯಲ್ಲಿ ಅದು ನೆನಪಿದ್ದವರು ಉಳಿದಿರಲಿಲ್ಲ. ಸರಿ, ಹುಡುಗನ ಅಜ್ಜನನ್ನೇ ಕೇಳೋಣ ಅಂತ ಅವ್ವನನ್ನು ಕರೆದುಕೊಂಡು ಗಜೇಂದ್ರಗಡಕ್ಕೆ ಹೋದೆ. ಅಜ್ಜನದು ದೊಡ್ಡ ರುಮಾಲು, ಬಾಯಿ ತುಂಬ ಎಲೆ ಅಡಿಕೆ. ಗುಡ್ಡದ ಮೇಲಿನ ಕೋಟೆಯನ್ನು ಕಿಟಕಿಯಿಂದಲೇ ತೋರಿಸಿದರು.

"ಆ ಕೋಟಿ ಬಾಗಲಾ ಹಾಕೂದು, ತಗಿಯೂದು ನಮ್ಮ ಮುತ್ಯಾನ ಕೆಲಸ. ಬೀಗ ಹೆಂಥಾದು ಅಂತೀರಿ? ಚಾವಿ ಹೊರಾಕ ಇಬ್ಬರು ಬೇಕಾಗ್ತಿದ್ರು. ಅಂವಾ ತಗದ್ರ ಬೆಳಗು, ಹಾಕಿದ್ರ ರಾತ್ರಿ."

ಊರಿಗೆಲ್ಲ ಗೊತ್ತಿದ್ದ ಕತೆ ಅದು. ಶಾಲೆಯ ಮಕ್ಕಳೂ ಹೇಳುತ್ತಿದ್ದರು. ನಾನೂ ಬಾಯಿ ತೆರೆದು ಕೇಳಿದೆ. ನಮ್ಮದು ಒಂದು ಅಂಗಡಿಯ ಬೀಗ, ಅವರದು ಕೋಟೆಯ ಬೀಗ. ನಮ್ಮ ಮುತ್ತಜ್ಜ ಎಲ್ಲಿಂದ ಬಂದನೋ ತಿಳಿಯದು ಅಂತ ಸಂಕೋಚದಿಂದ ಹೇಳಿದೆ. ಅಜ್ಜ ನನ್ನ ಬೆನ್ನು ತಟ್ಟಿ, ಬಹಳ ದೊಡ್ಡ ಮನಸ್ಸಿನಿಂದ, ಕೋಟೆಯಲ್ಲಿ ನಮಗೂ ಒಂದು ಪಾಲು ಕೊಟ್ಟರು.

"ಮತ್ತೆಲ್ಲಿಂದ ಬರ್ತಾನ? ನಮ್ಮ ಮುತ್ಯಾನ ತಮ್ಮ ಇರಬೇಕು ತಗೋರಿ. ಒಂದ ಮನೆತನ."

ಅವ್ವ ಚಹಾದ ಕಪ್ಪು ಕೆಳಗಿಟ್ಟಳು. "ಹಂಗಾರ ಹುಡುಗ ಹುಡುಗಿ ಅಣ್ಣ ತಂಗಿ ಆದ್ರಲ್ರಿ. ನಾವು ರಾಖಿ ತರಬೇಕಿತ್ತು, ಬರಿಗೈಲೆ ಬಂದ್ವಿ."

ಉಗುಳಿನ ವರದಿ

ಮಗಳು ಸೋಲುವವಳಲ್ಲ. ಮೂಲ ಹೇಳುವ ಪರೀಕ್ಷೆ ಇದೆ ಅಂತ ಮೊಬೈಲಿನಲ್ಲಿ ಹುಡುಕಿ ಎರಡು ಪೆಟ್ಟಿಗೆ ತರಿಸಿದಳು. ಸಣ್ಣ ನಳಿಗೆಯಲ್ಲಿ ಉಗುಳಿ ಕಳಿಸಿದರೆ ಹಿರಿಯರು ಯಾವ ನಾಡಿನವರು, ಯಾರಿಗೆ ಯಾರು ಸಂಬಂಧ ಅಂತ ಬರೆದು ಕಳಿಸುತ್ತಾರಂತೆ. ನಮ್ಮ ಮನೆಯಿಂದ ನಾನು, ಅವರ ಮನೆಯಿಂದ ಅಜ್ಜ ಉಗುಳುವುದು ಅಂತಾಯಿತು.

ಒಂದೇ ಷರತ್ತು. ಉಗುಳುವ ಮುಂಚೆ ಅರ್ಧ ತಾಸು ಬಾಯಲ್ಲಿ ಏನೂ ಇರಬಾರದು.

"ಅರ್ಧ ತಾಸೇ?" ಅಂದರು ಅಜ್ಜ. "ಯವ್ವಾ, ನನ್ನ ಲಗ್ನದಾಗೂ ಅಷ್ಟೊತ್ತು ಬಾಯಿ ಖಾಲಿ ಇಟ್ಟಿಲ್ಲ."

ಮೊದಲನೇ ನಳಿಗೆ ಕೆಂಪಾಯಿತು. ಎರಡನೆಯದನ್ನು ತರಿಸಿ, ಮೊಮ್ಮಗ ಎಲೆ ಅಡಿಕೆ ಚೀಲ ಕಸಿದುಕೊಂಡು ಎದುರಿಗೆ ಕಾವಲು ಕೂತ. ಅದು ಕೆಂಪಾಗಲಿಲ್ಲ, ಗುಲಾಬಿ ಬಣ್ಣಕ್ಕೆ ಬಂತು. ಅದನ್ನೇ ಕಳಿಸಿದೆವು.

ವರದಿ ಬಂದಾಗ ಮಗಳು ಎಲ್ಲರನ್ನೂ ಕೂರಿಸಿ ಓದಿದಳು. ಇಬ್ಬರ ಮೂಲವೂ ದಕ್ಷಿಣ ಏಷ್ಯಾ. ಹತ್ತಿರದ ಸಂಬಂಧ ಕಾಣುವುದಿಲ್ಲ. ದೂರದ ಸಂಬಂಧ ಇರಲೂಬಹುದು.

ಅವ್ವ ಯೋಚಿಸಿ ಹೇಳಿದಳು: "ಇರಲೂಬಹುದು ಅಂತ ನಾ ಪುಕ್ಕಟೆ ಹೇಳಿದ್ನಲ್ಲ. ಇದಕ್ಕ ಉಗಳೂದು ಯಾಕ ಬೇಕಿತ್ತು?"

ಹೊಳಿ ಇಳೀತು

ಇನ್ನು ಎಳೆಯುವುದರಲ್ಲಿ ಅರ್ಥವಿಲ್ಲ ಅನ್ನಿಸಿತು. ಮಗಳು ನಗುವುದನ್ನು ಬಿಟ್ಟಿದ್ದಳು. ಆಗದ ವ್ಯಾಪಾರವನ್ನು ಮುಖ ಕೊಟ್ಟು ಮುರಿಯಬೇಕು, ಫೋನಿನಲ್ಲಲ್ಲ. ಅವ್ವನನ್ನು ಕರೆದುಕೊಂಡು ಮತ್ತೆ ಗಜೇಂದ್ರಗಡಕ್ಕೆ ಹೋದೆ. ಅವರ ಪಡಸಾಲೆಯಲ್ಲಿ ಓಣಿಯ ನಾಲ್ಕು ಮಂದಿ ಹಿರಿಯರೂ ಕೂತಿದ್ದರು. ಹೀಗೀಗೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಅಂತ ಶುರು ಮಾಡಿದೆ.

ಹುಡುಗ ಮೂಲೆಯಲ್ಲಿ ನಿಂತಿದ್ದ. ಅಜ್ಜ ಅವನ ಮುಖ ನೋಡಿದರು. ಎದ್ದು ಹೊರಗೆ ಹೋಗಿ, ಬಾಯಲ್ಲಿದ್ದ ಎಲೆ ಅಡಿಕೆಯನ್ನು ಪೂರ್ತಿ ಉಗುಳಿ, ನೀರು ಮುಕ್ಕಳಿಸಿ ಬಂದು ಕೂತರು. ಪರೀಕ್ಷೆಗೂ ಮಾಡದ ಕೆಲಸ ಅದು.

"ಆ ಕೋಟಿ ಕತಿ ಸುಳ್ಳು," ಅಂದರು.

ಓಣಿಯ ಹಿರಿಯರು ಮುಂದೆ ಸರಿದು ಕೂತರು.

"ನಮ್ಮ ಮುತ್ಯಾ ಮೆಣಸಗಿಯಾಂವ. ಮಗಳನ್ನ ಸೂಡಿಗೆ ಕೊಟ್ಟಿದ್ದ. ಒಂದ್ ವರ್ಷ ಮಲಪ್ರಭಾ ತುಂಬಿ ಊರಾಗ ನೀರು ಬಂತು. ಹೆಂಡ್ತಿ ಮಕ್ಕಳನ್ನ ಕಟಗೊಂಡು ಸೂಡಿಗೆ, ಬೀಗರ ಮನಿಗೆ ಹ್ವಾದ. ಹೊಳಿ ಇಳಿಯೂತನಕ ಅಂತ ಹೇಳಿ ಹೋಗಿದ್ದ."

"ಆಮ್ಯಾಲೆ?" ಅಂದಳು ಅವ್ವ.

"ಹೊಳಿ ಇಳೀತು. ಮುತ್ಯಾ ಏಳಲಿಲ್ಲ. ಅಲ್ಲಿ ಹೋಳಿಗಿ ಭಾಳ ಚಲೋ ಮಾಡ್ತಿದ್ರಂತ. ಊರಾನ ಮಂದಿ ಇವರಿಗೆ ಬೀಗರು, ಬೀಗರು ಅಂತಂದು, ಹುಡುಗರಿಗೂ ಬೀಗರ ಹುಡುಗರು ಅಂತ ಹೆಸರು ಬಿತ್ತು. ಸಾಲಿ ಮಾಸ್ತರು, ಬೀಗರ ಅನ್ನೂದು ಅಡ್ಡಹೆಸರಲ್ಲ, ಅಂತ ತಿದ್ದಿ ಬೀಗದ ಮಾಡಿದ್ರು. ಗಜೇಂದ್ರಗಡಕ್ಕ ಬಂದ ಮ್ಯಾಲೆ ಕೋಟಿ ನಾ ಕಟ್ಟಿದ್ದು. ನಿಮ್ಮ ಹೆಸರು ಬೀಗದಿಂದ ಬಂದದ್ದು, ನಮ್ಮದು ಬೀಗರಿಂದ. ನಮ್ಮ ಮನ್ಯಾಗ ಒಂದು ಚಲೋ ಬೀಗ ಸೈತ ಇಲ್ಲ."

ಅವ್ವ ಸುಲಭಕ್ಕೆ ಬಗ್ಗುವವಳಲ್ಲ. "ಖರೇ ಏನ್ರಿ? ಮೊಮ್ಮಗನ ಸಲುವಾಗಿ ಹೇಳಾಕತ್ತಿಲ್ಲಲ್ಲ?"

"ಯವ್ವಾ, ಸುಳ್ಳು ಹೇಳೂದಾಗಿದ್ರ ನಾ ಇದಕ್ಕಿಂತ ಚಲೋದು ಹೇಳ್ತಿದ್ದೆ."

ಮೊದಲು ನಕ್ಕವಳು ಅವ್ವ. ಆಮೇಲೆ ಓಣಿಯವರು, ಕೊನೆಗೆ ಅಜ್ಜ. ನನಗೆ ಮಾತ್ರ ನಗು ತಡವಾಗಿ ಬಂತು. ಪೇಟೆಯಲ್ಲಿ ಕೂತವನಿಗೆ ಗೊತ್ತು: ಜೀವಮಾನವಿಡೀ ಒಂದೇ ಮಾಲು ಹೊಗಳಿದವನು, ಅದು ಖೋಟಾ ಅಂತ ಗಿರಾಕಿಗಳ ಎದುರಿಗೆ ತಾನೇ ಹೇಳುವುದು ಸಣ್ಣ ಮಾತಲ್ಲ. ಕೋಟೆ ಕಾದವರನ್ನು ನಾನು ಕಂಡಿಲ್ಲ. ಮೊಮ್ಮಗನಿಗಾಗಿ ಕೋಟೆ ಬಿಟ್ಟುಕೊಟ್ಟವರನ್ನು ಕಂಡಿದ್ದೇನೆ.

ಮದುವೆ ಆಯಿತು. ಅವ್ವ ಹೇಳಿದ ಹಾಗೆ ಮೊದಲ ಅಕ್ಕಿಕಾಳು ಅವಳೇ ಹಾಕಿದಳು. ಬೀಗದವರು ಬೀಗದವರಿಗೆ ಬೀಗರಾದರು.

ನಾಗರ ಪಂಚಮಿಗೆ ಮಗಳನ್ನು ತವರಿಗೆ ಬಿಡಲು ಅಜ್ಜನೇ ಬಂದರು. ಕೈಯಲ್ಲಿ ಒಂದು ಚೀಲ. ಅದರ ಗಾತ್ರವನ್ನು ಅವ್ವ ಬಾಗಿಲಲ್ಲೇ ಕಣ್ಣಿಂದ ಅಳೆದಳು. ಹಬ್ಬ ಮುಗಿಯಿತು, ಎಳ್ಳುಂಡಿ ಮುಗಿದವು, ಹೋಳಿಗೆಯೂ ಆಯಿತು. ಮೂರನೇ ದಿನ ಹೊರಡಲು ಅಜ್ಜ ರುಮಾಲು ಸುತ್ತಿ ಹೊಸ್ತಿಲಿಗೆ ಬರುವುದಕ್ಕೂ ಮಳೆ ಹಿಡಿಯುವುದಕ್ಕೂ ಸರಿಹೋಯಿತು.

ಅವರು ಆಕಾಶ ನೋಡಿದರು. ಅಡಿಗೆ ಮನೆ ಕಡೆ ನೋಡಿದರು. "ಮಳಿ ಜೋರೈತಿ. ಇಳಿಯೂತನಕ ನಿಂದರ್ಲೇನ್ರಿ?"

ಅವ್ವ ಒಳಗೆ ಹೋದವಳು ನನ್ನ ಹೊಸ ಛತ್ರಿ ತಂದು ಅವರ ಕೈಗಿಟ್ಟಳು.

"ತಗೋರಿ ಬೀಗರ. ಹೊಳ್ಳಿ ಕೊಡಾಕ ಬರೂದು ಬ್ಯಾಡ, ಅಲ್ಲೇ ಇಟಗೋರಿ."