ನಾನು ಕೊಂಡು ನಾನೇ ಕೇಳದ ಹಾಡು

ದುಡ್ಡು ಕೊಟ್ಟು ಮೋಸ ಹೋದವರು ಪ್ರಪಂಚದಲ್ಲಿ ಬೇಕಾದಷ್ಟು ಜನ ಇದ್ದಾರೆ. ನೀರು ಬೆರೆಸಿದ ಹಾಲು ಕೊಂಡವರು, ಕೊಳೆತ ತೆಂಗಿನಕಾಯಿ ಕೊಂಡವರು, ಗೊಡ್ಡೆಮ್ಮೆ ಕೊಂಡವರು. ಅವರಿಗೆಲ್ಲ ಒಂದು ಸಮಾಧಾನವಾದರೂ ಇದೆ. ಎಮ್ಮೆ ಗೊಡ್ಡಾದರೇನು, ಕೊಟ್ಟಿಗೆಯಲ್ಲಿ ನಿಂತು ಮೆಲುಕು ಹಾಕುವುದು ಕಣ್ಣಿಗೆ ಕಾಣುತ್ತದೆ. ನಾನು ಕೊಂಡದ್ದು ಒಂದು ಹಾಡು. ಅದನ್ನು ನಾನು ಕೇಳುವ ಹಾಗಿರಲಿಲ್ಲ, ಊರೆಲ್ಲ ಕೇಳುತ್ತಿತ್ತು. ಒಂದು ದಿನ ಊರಿಗೂ ಕೇಳಿಸದೆ ಹೋಯಿತು. ತಪ್ಪು ಮಾತ್ರ ನನ್ನದಾಯಿತು. (ಮದುವೆಯಾದ ಲಾಗಾಯ್ತಿನಿಂದ ತಪ್ಪುಗಳೆಲ್ಲ ನನ್ನ ಹೆಸರಿಗೇ ಖಾತೆಯಾಗುತ್ತಿವೆ, ಅದೇನೂ ಹೊಸದಲ್ಲ.)

ಇದು ಎರಡು ಸಾವಿರದ ಏಳನೇ ಇಸವಿಯ ಮಾತು. ಆಗ ನಾನು ಬೇಲೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಹಳೇಬೀಡಿನ ಗುತ್ತಿಗೆದಾರ ನಂಜುಂಡಯ್ಯನವರಿಗೆ ಒಂದು ಕಡತದ ವಿಷಯವಾಗಿ ಫೋನ್ ಮಾಡಿದೆ. ಅವರು ಎತ್ತಲಿಲ್ಲ. (ಬಿಲ್ಲು ಪಾಸಾದ ಮೇಲೆ ಗುತ್ತಿಗೆದಾರರ ಕಿವಿ ಮಂದವಾಗುತ್ತದೆ.) ಅವರ ಬದಲು ಅರಸೀಕೆರೆ ಹತ್ತಿರದ ಮಾಲೇಕಲ್ಲು ಬೆಟ್ಟದ ತಿಮ್ಮಪ್ಪನ ಮೇಲಿನ ಒಂದು ಪದ ಕೇಳಿಸಿತು. ತಾಳ, ತಂಬೂರಿ, ಹಳ್ಳಿ ಹೆಂಗಸರ ಗಟ್ಟಿ ಕಂಠ. ನಡುವೆ ಒಬ್ಬ ಹುಡುಗಿ ತೂರಿಕೊಂಡು, ಈ ಹಾಡನ್ನು ನಿಮ್ಮದಾಗಿಸಿಕೊಳ್ಳಲು ನಕ್ಷತ್ರದ ಗುಂಡಿ ಒತ್ತಿ ಎಂದಳು. ಒತ್ತಿದೆ. ಹಾಡಿಗೆ ಹದಿನೈದು ರೂಪಾಯಿ, ತಿಂಗಳಿಗೆ ಮೂವತ್ತು ರೂಪಾಯಿ ಕಟಾಯಿಸಿಕೊಂಡು, ಕಂಪನಿಯವರು ನನಗೆ ಅಭಿನಂದನೆ ಕಳುಹಿಸಿದರು.

ಆಮೇಲೆ ಗೊತ್ತಾಯಿತು, ಕಾಲರ್ ಟ್ಯೂನ್ ಎಂಬ ಈ ಪದಾರ್ಥ ನಮಗೆ ಫೋನ್ ಮಾಡಿದವರಿಗೆ ಮಾತ್ರ ಕೇಳಿಸುವಂಥದು ಎಂದು. ಅವರಿಗೆ ತಿಮ್ಮಪ್ಪನ ಪದ, ನನಗೆ ಅದೇ ಹಳೆಯ ಟ್ರಿಂಗ್ ಟ್ರಿಂಗ್. ನಾನು ಊಟಕ್ಕೆ ದುಡ್ಡು ಕಟ್ಟಿ ಪಂಕ್ತಿಯಲ್ಲಿ ಬಡಿಸಲು ನಿಂತವನ ಹಾಗಾದೆ.

ಈಗ ನಮ್ಮ ಅತ್ತೆಯವರ ವಿಷಯಕ್ಕೆ ಬರಬೇಕು. ಹೆಸರು ಕೆಂಪಲಕ್ಷ್ಮಮ್ಮ, ಊರು ಗಂಡಸಿ. ಅವರದು ಹಳೆಯ ಕಾಲದ ಮರ್ಯಾದೆ. ಅಳಿಯನ ಎದುರು ನಿಲ್ಲುವುದಿಲ್ಲ, ಅಳಿಯನ ಸಂಗಡ ನೇರವಾಗಿ ಮಾತಾಡುವುದಿಲ್ಲ. ನಾನು ನಡುಮನೆಯಲ್ಲಿ ಕುಳಿತಿದ್ದರೆ ಅವರು ಅಡುಗೆಮನೆಯ ಬಾಗಿಲ ಹಿಂದೆ ನಿಂತು, "ನಯನಾ, ಅವ್ರಿಗೆ ಇನ್ನೊಂದ್ ಮುದ್ದೆ ಬೇಕಾ ಕೇಳು" ಎನ್ನುತ್ತಿದ್ದರು. ನಯನಾ ನನ್ನ ಹೆಂಡತಿ. ಅವಳು ನನ್ನನ್ನು ಕೇಳದೆಯೇ "ಬೇಡ್ವಂತೆ" ಎನ್ನುತ್ತಿದ್ದಳು. ಹೀಗೆ ಒಂಬತ್ತು ವರ್ಷ ನಮ್ಮ ನಡುವೆ ಒಂದು ಬಾಗಿಲು ಮತ್ತು ಒಬ್ಬಳು ದುಭಾಷಿ ಇದ್ದರು. ನಾನು ಪರಮ ಸುಖಿಯಾಗಿದ್ದೆ.

ಅವರಿಗೂ ಒಂದು ಮೊಬೈಲ್ ಕೊಡಿಸಿದ್ದೆವು. ನಯನಾಳ ಫೋನು ಹತ್ತಲಿಲ್ಲವೆಂದು ಒಂದು ಸಂಜೆ ಅವರು ನನ್ನ ನಂಬರಿಗೆ ಮಾಡಿದರು. ನಾನು ವಿಧೇಯ ಅಳಿಯನಂತೆ ಎರಡನೇ ಟ್ರಿಂಗಿಗೇ ಎತ್ತಿದೆ. ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಅತ್ತೆಯವರು ನನ್ನ ಜೊತೆ ನೇರವಾಗಿ ಮಾತಾಡಿದರು.

"ಯಾಕ್ ಎತ್ತಿದ್ರಿ ಅಳಿಯಂದ್ರೇ? ಪದ ಇನ್ನೂ ಮುಗ್ದಿರ್ಲಿಲ್ಲ."

ಅವತ್ತಿನಿಂದ ಗಂಡಸಿಯಲ್ಲಿ ಒಂದು ಹೊಸ ವ್ರತ ಶುರುವಾಯಿತು. ಸಂಜೆ ಆರೂವರೆಗೆ ದೀಪ ಹಚ್ಚಿ, ಅತ್ತೆಯವರು ಜಗಲಿಯ ಮೇಲೆ ಕೂರುವರು. ಪಕ್ಕದ ಮನೆ ಬಸಮ್ಮನವರೂ ಬೀದಿಯ ಇನ್ನು ಮೂವರು ಹೆಂಗಸರೂ ಸೇರುವರು. ನನ್ನ ನಂಬರು ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಹಿತ್ತಾಳೆ ಚೆಂಬಿನೊಳಗೆ ಇಳಿಬಿಡುವರು. ಚೆಂಬಿನಿಂದ ತಿಮ್ಮಪ್ಪನ ಪದ ಗುಂಯ್‌ಗುಟ್ಟಿಕೊಂಡು ಹೊರಡುವುದು. ಮುಕ್ಕಾಲು ನಿಮಿಷಕ್ಕೆ ತಾನೇ ನಿಂತಾಗ ಮತ್ತೆ ಒತ್ತುವರು. ದಿನಕ್ಕೆ ಮೂರಾವರ್ತಿ. ನಾನು ಎತ್ತದಿದ್ದರೆ ಅವರಿಗೆ ಚಿಕ್ಕಾಸು ಖರ್ಚಿಲ್ಲ. ಆದ್ದರಿಂದ ನಾನು ಎತ್ತಕೂಡದು ಎಂಬುದೇ ಆ ವ್ರತದ ಮುಖ್ಯ ನಿಯಮ.

ಒಂದು ಸಂಜೆ ಕಚೇರಿಯಲ್ಲಿ ಸಾಹೇಬರಾದ ಗಂಗಾಧರಯ್ಯನವರು ಎದುರಿಗಿದ್ದರು. ಮೇಜಿನ ಮೇಲೆ ನನ್ನ ಫೋನು ಬಡಿದುಕೊಳ್ಳುತ್ತಿತ್ತು.

"ಎತ್ರೀ ಲೋಕೇಶ್."

"ಎತ್ತೋ ಹಾಗಿಲ್ಲ ಸಾರ್. ಪೂಜೆ ನಡೀತಿದೆ."

ಅವರು ನನ್ನನ್ನೂ ಫೋನನ್ನೂ ನೋಡಿ, ಎದ್ದು ಹೋಗಿ ಮಾರನೆಯ ದಿನ ನನಗೆ ಎರಡು ದಿನ ರಜೆ ತೆಗೆದುಕೊಳ್ಳಲು ಸಲಹೆ ಕೊಟ್ಟರು.

ಆದರೆ ಗಂಡಸಿಯಲ್ಲಿ ನನ್ನ ಬೆಲೆ ಏರಿತು. ಹೋದಾಗಲೆಲ್ಲ ಬಸಮ್ಮನವರು ಬಂದು ಕೈಮುಗಿಯುತ್ತಿದ್ದರು. ಮುದ್ದೆಯ ಮೇಲೆ ಕೇಳದೆಯೇ ತುಪ್ಪ ಬೀಳುತ್ತಿತ್ತು. ಬಾಗಿಲ ಹಿಂದಿನ ದನಿಯಲ್ಲಿ ಭಕ್ತಿ ಸೇರಿತ್ತು. ದೇವರ ಮನೆಗೆ ವರ್ಷಕ್ಕೊಮ್ಮೆ, ಅದೂ ಬೆಂಕಿಪೊಟ್ಟಣ ಹುಡುಕಲು ಹೋಗುವ ನಾನು ನಾಲ್ಕು ತಿಂಗಳು ಪರಮ ಭಾಗವತನಾಗಿ ಮೆರೆದೆ. ನಯನಾ ಮಾತ್ರ ಪಕ್ಕದಲ್ಲಿ ಕುಳಿತು ಹಲ್ಲು ಕಚ್ಚುತ್ತಿದ್ದಳು. ತುಪ್ಪದ ರುಚಿ ಹತ್ತಿದವನಿಗೆ ಅದೆಲ್ಲ ಲೆಕ್ಕಕ್ಕಿಲ್ಲ.

ಶ್ರಾವಣ ಬಂತು. ಶ್ರಾವಣ ಶನಿವಾರವೆಂದರೆ ತಿಮ್ಮಪ್ಪನ ದಿನ. ಕಡೇ ಶನಿವಾರ ಇಡೀ ಬೀದಿಯನ್ನೇ ಮನೆಗೆ ಕರೆದು, ಚೆಂಬಿಗೆ ಹೂವು ಮುಡಿಸಿ, ನನ್ನ ಫೋನಿನ ಪದದಿಂದಲೇ ಪೂಜೆ ಮಾಡಿಸುವುದೆಂದು ಅತ್ತೆಯವರು ಸಾರಿಬಿಟ್ಟಿದ್ದರು. ಅದಕ್ಕೆ ಒಂದು ವಾರ ಇದೆ ಅನ್ನುವಾಗ, ಮೂರನೇ ಶನಿವಾರ ಸಂಜೆ, ನಯನಾಳ ಫೋನು ಹೊಡೆದುಕೊಂಡಿತು. ಅವಳು ಹತ್ತು ನಿಮಿಷ ಹೂಂಗುಟ್ಟಿ, ಇಟ್ಟು, ನನ್ನ ಕಡೆ ತಿರುಗಿದಳು.

"ರೀ, ಏನದು ನಿಮ್ಮ ಫೋನಲ್ಲಿ? ಯಾವಳೋ ಏದುಸಿರು ಬಿಟ್ಕೊಂಡು ಹಾಡ್ತಾಳಂತೆ. ದೀಪದ ಮುಂದೆ, ಐದು ಜನ ಮುತ್ತೈದೇರ ಮುಂದೆ."

ನಾನು ನಂಬಲಿಲ್ಲ. ಪರೀಕ್ಷಿಸೋಣವೆಂದು ನನ್ನ ಫೋನಿನಿಂದ ನನ್ನ ನಂಬರಿಗೇ ಮಾಡಿದೆ. ನಾನು ಕಾರ್ಯನಿರತನಾಗಿದ್ದೇನೆ ಎಂದು ಉತ್ತರ ಬಂತು. ನಯನಾ ತನ್ನ ಫೋನು ಕೊಡಲೊಲ್ಲಳು. ಕೊನೆಗೆ ಬಸ್ ನಿಲ್ದಾಣದ ಕಾಯಿನ್ ಬಾಕ್ಸಿಗೆ ಹೋಗಿ ಒಂದು ರೂಪಾಯಿ ಹಾಕಿದೆ. ಜೇಬಿನಲ್ಲಿ ಟ್ರಿಂಗ್ ಟ್ರಿಂಗ್, ಕಿವಿಯಲ್ಲಿ ಏದುಸಿರು. ಅತ್ತೆಯವರು ಸುಳ್ಳು ಹೇಳಿರಲಿಲ್ಲ. ನನ್ನ ಹಿಂದೆ ಸರದಿಯಲ್ಲಿ ನಿಂತಿದ್ದ ಹಿರಿಯರೊಬ್ಬರು, ಜೇಬಿನಲ್ಲಿ ಹೊಡೆದುಕೊಳ್ಳುವ ಫೋನನ್ನು ಬಿಟ್ಟು ಡಬ್ಬಿ ಫೋನಿಗೆ ಕಿವಿ ಕೊಟ್ಟು ಬೆವರುತ್ತಿದ್ದ ನನ್ನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

ಕಂಪನಿಗೆ ಫೋನ್ ಮಾಡಿದೆ. ಕನ್ನಡಕ್ಕೆ ಒಂದು, ದೂರಿಗೆ ಮೂರು, ಹಾಡಿಗೆ ಐದು ಒತ್ತಿ, ಇಪ್ಪತ್ತು ನಿಮಿಷ ಪಿಟೀಲು ಕೇಳಿದ ಮೇಲೆ ಜೇನಿನಂಥ ದನಿಯ ಹೆಣ್ಣುಮಗಳೊಬ್ಬಳು ಸಿಕ್ಕಳು. ನಾನು ನನ್ನ ಸಂಕಟವನ್ನೆಲ್ಲ ನಿವೇದಿಸಿದೆ.

"ಸರ್, ಆ ಹಾಡು ಈಗ ನಮ್ಮಲ್ಲಿಲ್ಲ. ಕ್ಯಾಸೆಟ್ ಕಂಪನಿ ಜೊತೆ ಕರಾರು ಮುಗೀತು. ಅದಕ್ಕೇ ಬೇರೆ ಜನಪ್ರಿಯ ಹಾಡು ಹಾಕಿದ್ದೀವಿ, ಉಚಿತವಾಗಿ."

"ನಾನು ದುಡ್ಡು ಕೊಟ್ಟು ಕೊಂಡಿದ್ದೀನಮ್ಮ. ನಿಮ್ಮದಾಗಿಸಿಕೊಳ್ಳಿ ಅಂತ ನೀವೇ ಹೇಳಿದ್ದು."

"ನೀವು ಹಾಡು ಕೊಂಡಿರಲಿಲ್ಲ ಸರ್, ಹಾಡು ಕೇಳಿಸೋ ಅನುಮತಿ ಪಡೆದಿದ್ರಿ. ಬೇರೇನಾದ್ರೂ ಸಹಾಯ ಬೇಕಿತ್ತಾ?"

ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ. ಅರಸೀಕೆರೆ ಮಾರುಕಟ್ಟೆಯಲ್ಲಿ ನೀವೊಂದು ತೆಂಗಿನಕಾಯಿ ಕೊಳ್ಳುತ್ತೀರಿ. ಮನೆಗೆ ತಂದು, ಒಡೆದು, ತುರಿದು, ಸಾರಿಗೆ ಹಾಕುತ್ತೀರಿ. ಅಷ್ಟರಲ್ಲಿ ವ್ಯಾಪಾರಿ ಬಾಗಿಲಿಗೆ ಬಂದು, ತೋಟದವರಿಗೂ ನನಗೂ ಕರಾರು ಮುಗಿಯಿತು ಸ್ವಾಮಿ ಎಂದು ಸೌಟು ಹಾಕಿ ತುರಿಯನ್ನೆಲ್ಲ ಸೋಸಿಕೊಂಡು, ಬದಲಿಗೆ ಸಾರಿಗೊಂದು ಹಿಡಿ ಮೆಣಸಿನಪುಡಿ ಉಚಿತವಾಗಿ ಸುರಿದು ಹೋಗುತ್ತಾನೆ. ಅವನನ್ನು ನಾವು ಕಳ್ಳನೆನ್ನುತ್ತೇವೆ. ಅದೇ ಕೆಲಸವನ್ನು ಜೇನಿನಂಥ ದನಿಯಲ್ಲಿ ಮಾಡಿದರೆ ಗ್ರಾಹಕ ಸೇವೆ ಎನ್ನಬೇಕಂತೆ.

ಈ ವಿವರಣೆಯನ್ನೆಲ್ಲ ನಯನಾ ತಾಯಿಗೆ ಒಪ್ಪಿಸಿದಳು. ಅತ್ತೆಯವರಿಗೆ ಒಂದಕ್ಷರವೂ ಹಿಡಿಸಲಿಲ್ಲ. ಆ ಪದವನ್ನು ಅವರ ಅತ್ತೆ, ಅವರ ಅತ್ತೆಯ ಅತ್ತೆ ಮಾಲೇಕಲ್ಲು ಬೆಟ್ಟ ಹತ್ತುವಾಗ ಹೇಳಿಕೊಂಡು ಬಂದದ್ದಂತೆ. "ನಮ್ ಪದ ಕಿತ್ಕೊಳ್ಳಾಕೆ ಅವನ್ಯಾರು ಕಂಪ್ನಿಯವ್ನು, ಬೆಟ್ಟ ಹತ್ತವ್ನಾ?" ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದರಿಂದ ಅವರು ತೆಗೆದ ತೀರ್ಮಾನ ಭಯಂಕರವಾಗಿತ್ತು. ಪದ ಯಾರೂ ಕಿತ್ತುಕೊಳ್ಳಲಾಗದ್ದು, ಆದ್ದರಿಂದ ಅಳಿಯಂದಿರೇ ಬೇಕೆಂದು ತೆಗೆಸಿದ್ದಾರೆ. ಆ ಏದುಸಿರಿನವಳ ಮೇಲೆ ಮನಸ್ಸು ಹೋಗಿ.

ತುಪ್ಪ ಹೋಯಿತು ಅಂದುಕೊಂಡೆ. ತುಪ್ಪವಷ್ಟೇ ಹೋಗಿದ್ದರೆ ತಿಮ್ಮಪ್ಪನಿಗೆ ಮುಡಿ ಕೊಡುತ್ತಿದ್ದೆ. ಮಾರನೆಯ ದಿನ ಗಂಡಸಿಯಿಂದ ಅಪ್ಪಣೆಯಾಯಿತು. ಪದ ಬರುತ್ತಿದ್ದದ್ದು ಅಳಿಯಂದಿರ ಫೋನಿನಿಂದ. ಬೀದಿಗೆಲ್ಲ ಹೇಳಿಯಾಗಿದೆ. ಅವರ ಮನಸ್ಸಿನಲ್ಲಿ ಕಪಟವಿಲ್ಲದಿದ್ದರೆ ಕಡೇ ಶನಿವಾರ ಫೋನು ಎತ್ತಿ ತಾವೇ ಹೇಳಲಿ.

"ಹಾಡೋದಾ? ನಾನಾ?" ಎಂದೆ.

"ಮತ್ತೆ ನಾನಾ? ನಾಲ್ಕು ತಿಂಗಳು ತುಪ್ಪ ತಿಂದೋರು ನೀವು ಕಣ್ರೀ" ಎಂದಳು ನಯನಾ. ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಮದುವೆಯ ಆಲ್ಬಮ್ಮಿನಲ್ಲೂ ನೋಡಿಲ್ಲ.

ಆರು ದಿನ ಅವಳೇ ಗುರುವಾದಳು. ಸ್ನಾನದ ಮನೆಯಲ್ಲಿ, ಸ್ಕೂಟರಿನ ಮೇಲೆ, ಕಡತಗಳ ನಡುವೆ ನಾನು ತಿಮ್ಮಪ್ಪನನ್ನು ಕೂಗಿದೆ. ಪಕ್ಕದ ಮನೆಯವರು ನಾಯಿಯನ್ನು ಒಳಗೆ ಕಟ್ಟಿಕೊಂಡರು.

ಶನಿವಾರ ಆರೂವರೆ. ಫೋನು ಹೊಡೆಯಿತು. ಎತ್ತಿ, ಕಣ್ಣು ಮುಚ್ಚಿ ಶುರು ಮಾಡಿದೆ. ಆ ಕಡೆ ಚೆಂಬಿನೊಳಗೆ ನನ್ನ ದನಿ ಏನಾಗಿ ಹೊರಟಿತೋ ಆ ದೇವರೇ ಬಲ್ಲ. "ಮೆಟ್ಟಿಲು ಮೆಟ್ಟಿಲಿಗೂ ನಿನ್ನ ಹೆಸರೋ ತಿಮ್ಮಯ್ಯ" ಎಂಬಲ್ಲಿಗೆ ಬರುವಷ್ಟರಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಅತ್ತೆಯವರ ದನಿ, ಬಾಗಿಲಿಲ್ಲದೆ, ದುಭಾಷಿಯಿಲ್ಲದೆ, ನೇರವಾಗಿ.

"ನಿಲ್ಸಿ ಅಳಿಯಂದ್ರೇ. ತಿಮ್ಮಯ್ಯ ಅನ್ನೋತಾವ ಎಳೀಬೇಕು. ನೀವು ಕಡ್ತ ಓದ್ದಂಗೆ ಓದ್ಬುಟ್ರಲ್ಲ. ಮೊದ್ಲಿಂದ ಹೇಳಿ."

ಮೊದಲಿನಿಂದ ಹೇಳಿದೆ. ಬಸಮ್ಮನವರು ಉಸಿರು ಎಲ್ಲಿ ಬಿಡಬೇಕೆಂದು ತಿದ್ದಿದರು. ಇನ್ನೊಬ್ಬರು ಮೂಗಿನಲ್ಲಿ ಹೇಳಬೇಡಿ ಎಂದರು. ಹಿಂದಿನಿಂದ ಒಬ್ಬರು, ಪಾಪ ಗಂಡಸು, ಅಷ್ಟಾದರೂ ಬರುತ್ತಲ್ಲ ಬಿಡಿ ಎಂದು ಸಮಾಧಾನ ಹೇಳಿದರು. ಮುಕ್ಕಾಲು ನಿಮಿಷದ ಪದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಮಂಗಳಾರತಿಯಾಗಿ ಫೋನು ಕಟ್ಟಾದ ಮೇಲೆ ಬೆವರೊರೆಸಿಕೊಂಡು, ಇಲ್ಲಿಗೆ ಋಣ ತೀರಿತು ಎಂದುಕೊಂಡೆ.

ಭಾನುವಾರ ಸಂಜೆ ಆರೂವರೆಗೆ ಮತ್ತೆ ಹೊಡೆಯಿತು. ಸೋಮವಾರವೂ. ಸರ್ಕಾರಿ ನೌಕರನೊಬ್ಬನನ್ನು ಐದು ಜನ ಸೇರಿ ತಪ್ಪು ತೋರಿಸಿ ನಿಲ್ಲಿಸುವ ಸುಖ ಗಂಡಸಿಯ ಹೆಂಗಸರಿಗೆ ಅದುವರೆಗೆ ಸಿಕ್ಕಿರಲಿಲ್ಲ. ಕ್ಯಾಸೆಟ್ಟಿನ ಹೆಂಗಸರು ಒಂದು ತಪ್ಪೂ ಮಾಡುತ್ತಿರಲಿಲ್ಲ, ಅವರಲ್ಲಿ ಏನು ಸ್ವಾರಸ್ಯ? ಒಂಬತ್ತು ವರ್ಷ ಬಾಗಿಲ ಹಿಂದೆ ತಡೆದಿಟ್ಟುಕೊಂಡ ಮಾತನ್ನೆಲ್ಲ ಅತ್ತೆಯವರು ಈಗ ರಾಗದ ನೆಪದಲ್ಲಿ ಆಡಿ ಮುಗಿಸುತ್ತಿದ್ದರು. ನನ್ನ ಉಚ್ಚಾರದಿಂದ ಶುರುವಾದದ್ದು ನನ್ನ ಹೊಟ್ಟೆಗೆ, ಹೊಟ್ಟೆಯಿಂದ ಮಗಳಿಗೆ ಒಂದು ಸರ ಮಾಡಿಸದ ವಿಷಯಕ್ಕೆ ಇಳಿಯುತ್ತಿತ್ತು.

ಹದಿನೈದು ದಿನ ಕಳೆದ ಮೇಲೆ ಕಂಪನಿಯಿಂದ ಸಿಹಿ ಸುದ್ದಿ ಬಂತು. ಕರಾರು ಮತ್ತೆ ಆಗಿದೆ, ನಿಮ್ಮ ಮೆಚ್ಚಿನ ಹಾಡನ್ನು ನಾವೇ ಹಾಕಿದ್ದೇವೆ, ಹದಿನೈದು ರೂಪಾಯಿ ಹಿಡಿದುಕೊಂಡಿದ್ದೇವೆ. ಅದನ್ನು ಓದಿ ನಾನು ಕುಣಿದಾಡಿದೆ. ಆರೂವರೆಗೆ ಫೋನು ಹೊಡೆದಾಗ ಕಾಲು ಚಾಚಿ, ಕೈ ಕಟ್ಟಿ, ಅದನ್ನೇ ನೋಡುತ್ತ ಕುಳಿತೆ. ಹೊಡೆದು ಹೊಡೆದು ನಿಂತಿತು. ಮರುಕ್ಷಣ ನಯನಾಳ ಫೋನು ಹೊಡೆಯಿತು. ಅವಳು ಕೇಳಿಸಿಕೊಂಡು, ನನ್ನ ಮುಂದೆ ಹಿಡಿದಳು.

"ಅಳಿಯಂದ್ರೇ, ಆ ಕ್ಯಾಸೆಟ್ಟು ಮತ್ತೆ ಅಡ್ಡ ಬಂದೈತೆ ನೋಡಿ. ನಿಮ್ಮನ್ನ ಕೇಳ್ಬೇಕೂಂತ ಬಸಮ್ಮ ಅರಸೀಕೆರೆಯಿಂದ ತಂಗೀನ ಕರ್ಕೊಂಡ್ ಬಂದವ್ಳೆ. ಬೇಗ ತೆಗ್ಸಿ."

ಕಂಪನಿಗೆ ಫೋನ್ ಮಾಡಿ, ಒಂದು, ಮೂರು, ಐದು ಒತ್ತಿ, ಹಾಡು ಬೇಡವೆಂದು ಅಂಗಲಾಚಿದೆ. ತೆಗೆಯುವ ವ್ಯವಸ್ಥೆ ಸದ್ಯಕ್ಕೆ ಕೆಲಸ ಮಾಡುತ್ತಿಲ್ಲ ಎಂದಳು ಜೇನಿನ ದನಿಯವಳು. ಅದು ನಿಮ್ಮದೇ ಹಾಡು ಸರ್, ಇರಲಿ ಬಿಡಿ, ಎಂದಳು.

ಹಾಗಾಗಿ ಅಂದಿನಿಂದ ದಿನಾ ಆರೂ ಇಪ್ಪತ್ತೈದಕ್ಕೆ ಫೋನನ್ನು ಅಂಗೈಯಲ್ಲಿಟ್ಟುಕೊಂಡು ಕೂರುತ್ತೇನೆ. ಮೊದಲ ಟ್ರಿಂಗ್ ಮುಗಿಯುವ ಮುಂಚೆಯೇ ಎತ್ತಿಬಿಡಬೇಕು. ತಡವಾದರೆ ಕಂಪನಿಯ ಪದ ಎರಡಕ್ಷರ ಕೇಳಿಸಿಬಿಡುತ್ತದೆ, ಗಂಡಸಿಯಲ್ಲಿ ಗದ್ದಲವಾಗುತ್ತದೆ. ತಿಂಗಳಿಗೆ ಮೂವತ್ತು ರೂಪಾಯಿ ಕೊಟ್ಟು ನಾನು ಇಟ್ಟುಕೊಂಡಿರುವ ಆ ಹಾಡನ್ನು ನಾನೂ ಕೇಳುವ ಹಾಗಿಲ್ಲ, ಇನ್ನು ಯಾರಿಗೂ ಕೇಳಿಸದಂತೆ ಕಾವಲು ಕಾಯುವುದೇ ನನ್ನ ಕೆಲಸ. ಕಾದು, ಎತ್ತಿ, ಗಂಟಲು ಸರಿಮಾಡಿಕೊಂಡು, ತಿಮ್ಮಯ್ಯ ಅನ್ನುವಲ್ಲಿ ಎಳೆಯುತ್ತೇನೆ.