ಕೆಂಗೇರಿ ಪಂಡಿತರ ಕಪ್ಪು ಲೇಹ್ಯ

ಇನ್ನೊಬ್ಬರಿಗೆ ಪಥ್ಯ ಹೇಳುವುದರಲ್ಲಿ ಇರುವ ಸುಖ ತಾನೇ ಪಥ್ಯ ಮಾಡುವುದರಲ್ಲಿ ಇಲ್ಲ. ನನ್ನ ಮಟ್ಟಿಗಂತೂ ಇದು ಸ್ವಂತ ಅನುಭವದ ಮಾತು. ಹೋದ ವರ್ಷ ನನ್ನ ರಕ್ತ ಪರೀಕ್ಷೆಯ ರಿಪೋರ್ಟು ನೋಡಿದ ಡಾಕ್ಟರು, "ಶುಗರ್ ಬಾರ್ಡರ್‌ನಲ್ಲಿದೆ ಮೇಡಂ, ಸಿಹಿ ಸ್ವಲ್ಪ ಕಡಿಮೆ ಮಾಡಿ" ಎಂದರು. ಅವರು ಹೇಳಿದ್ದು ನನಗೊಬ್ಬಳಿಗೆ, ಅದೂ ಸ್ವಲ್ಪ ಎಂದು. ನಾನು ಬಸವೇಶ್ವರನಗರದ ನಮ್ಮ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅದನ್ನು ಇಡೀ ಮನೆಗೆ ಪೂರ್ತಿಯಾಗಿ ಜಾರಿ ಮಾಡಿಬಿಟ್ಟೆ. ಯಜಮಾನರ ಕಾಫಿಗೆ ಸಕ್ಕರೆ ನಿಂತಿತು. ಬೆಲ್ಲದ ಡಬ್ಬಿ ಬೀರು ಸೇರಿತು. ನೆಂಟರು ತಂದ ಮೈಸೂರು ಪಾಕಿನ ಪೆಟ್ಟಿಗೆಯನ್ನು ಅವರ ಕಣ್ಣೆದುರಿಗೇ ಮನೆಗೆಲಸದ ಮಂಜುಳಾಗೆ ಕೊಟ್ಟು ಕಳಿಸಿದೆ. ಎಂಬತ್ತು ದಾಟಿದ ನಮ್ಮತ್ತೆ ದಾವಣಗೆರೆ ಕಡೆಯವರು, ಊಟದ ಕೊನೆಗೆ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಳ್ಳದೆ ಎದ್ದವರೇ ಅಲ್ಲ. "ನಂಗೆ ಶುಗರ್ರೇ ಇಲ್ವಲ್ಲ ಶೈಲಾ" ಎಂದು ಗೋಗರೆದರು. "ಇಲ್ಲ ಅಂತಾನೇ ಹುಷಾರಾಗಿರಬೇಕು ಅತ್ತೆ" ಎಂದು ಅವರ ಬಾಯಿ ಮುಚ್ಚಿಸಿದೆ. ಆ ಮಾತಿಗೆ ಏನಾದರೂ ಅರ್ಥವಿದೆಯೇ ಎಂದು ನಾನು ಆಗಲೂ ಯೋಚಿಸಲಿಲ್ಲ, ಆಮೇಲೂ ಯೋಚಿಸಲಿಲ್ಲ.

ಹೀಗೆ ಮೂರು ಜನರ ನಾಲಿಗೆಯನ್ನು ಆಳುತ್ತಿದ್ದ ನಾನು ಹಾಳಾದದ್ದು ಆಫೀಸಿನಲ್ಲಿ. ರಾಜಾಜಿನಗರದ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಸುಮಾ ಒಂದು ಮಧ್ಯಾಹ್ನ ಕಪ್ಪಗಿನ ಚೌಕದ ತುಂಡೊಂದನ್ನು ನನ್ನ ಫೈಲಿನ ಮೇಲಿಟ್ಟು, "ಮೇಡಂ, ಇದು ಡಾರ್ಕ್ ಚಾಕಲೇಟು, ಎಂಬತ್ತೈದು ಪರ್ಸೆಂಟು ಕೋಕೋ. ಹಾರ್ಟಿಗೆ ಒಳ್ಳೇದಂತೆ" ಎಂದಳು. ಹಾರ್ಟಿಗೆ ಒಳ್ಳೆಯದು ಎಂದು ಯಾರಾದರೂ ಹೇಳಿದರೆ ನಾನು ಬೇಲಿ ಸೊಪ್ಪನ್ನಾದರೂ ಅಗಿಯುವವಳು. ಬಾಯಿಗೆ ಹಾಕಿಕೊಂಡೆ. ಅಯ್ಯೋ ಶಿವನೇ! ಸೀದುಹೋದ ಪಾತ್ರೆಯ ತಳ ನೆಕ್ಕಿದ ಹಾಗಾಯಿತು. ಉಗುಳೋಣವೆಂದರೆ ಎದುರಿಗೆ ಮ್ಯಾನೇಜರು ನಿಂತಿದ್ದಾರೆ. ವಿಧಿಯಿಲ್ಲದೆ ಬಾಯಿ ಮುಚ್ಚಿಕೊಂಡು ಅವರು ಹೇಳುತ್ತಿದ್ದುದಕ್ಕೆಲ್ಲ ಹ್ಞೂಂ ಹ್ಞೂಂ ಎನ್ನುತ್ತಾ ಕೂತೆ. ಅವರ ಮಾತು ಮುಗಿಯುವುದರೊಳಗೆ ನನ್ನ ಬಾಯಲ್ಲಿ ಏನೋ ನಡೆಯತೊಡಗಿತ್ತು. ಕಹಿ ಮೆಲ್ಲಗೆ ಕರಗಿ, ಅದರ ಹಿಂದಿನಿಂದ ಆಗತಾನೇ ಹುರಿದ ಕಾಫಿಬೀಜದಂಥ ಘಮ ಬಂತು, ಆಮೇಲೆ ಹುಣಸೆಯಂಥ ಒಂದು ಚೂರು ಹುಳಿ, ಕಟ್ಟಕಡೆಗೆ, ಇದೆಯೋ ಇಲ್ಲವೋ ಎನ್ನುವಷ್ಟು ಸಿಹಿ. ಮ್ಯಾನೇಜರು ಏನು ಹೇಳಿದರೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಆದರೆ ಅವತ್ತು ನಾನು ಒಪ್ಪಿಕೊಂಡ ಕೆಲಸವನ್ನು ಮೂರು ತಿಂಗಳು ಮಾಡಿದೆ.

ನಾವು ಚಿಕ್ಕವರಿದ್ದಾಗ ಚಾಕಲೇಟು ಎಂದರೆ ಅಂಗಡಿಯವನು ಚಿಲ್ಲರೆ ಇಲ್ಲವೆಂದು ಕೈಗಿಡುತ್ತಿದ್ದ ಗುಂಡಗಿನ ಪೆಪ್ಪರ್‌ಮೆಂಟು, ಅಷ್ಟೆ. ಕಟುಂ ಎಂದು ಕಡಿದು ನುಂಗುವುದು. ಇದು ಹಾಗಲ್ಲ. ಇದನ್ನು ಕಡಿಯಬಾರದು, ಅವಸರ ಮಾಡಬಾರದು, ಪಕ್ಕದಲ್ಲಿ ಮಾತಾಡಿಸುವವರು ಇರಬಾರದು. ಐವತ್ತೆರಡು ವರ್ಷ ಬಿಸಿ ಅನ್ನವನ್ನು ನಿಂತುಕೊಂಡೇ ಗಬಗಬ ನುಂಗಿದ ನನಗೆ, ತಿನ್ನುವುದೂ ಒಂದು ಕೆಲಸ, ಅದನ್ನು ಕೂತು ಮಾಡಬಹುದು ಎಂದು ತಿಳಿದದ್ದೇ ಆಗ. ವಾರಕ್ಕೊಂದು ಬಾರ್ ಇದ್ದದ್ದು ಎರಡಾಯಿತು. ಡಾಕ್ಟರು ಹೇಳಿದ ಸ್ವಲ್ಪದ ಲೆಕ್ಕಕ್ಕೆ ಇದು ಬರುತ್ತದೆಯೇ ಎಂದು ಒಮ್ಮೆ ಮನಸ್ಸಿಗೆ ಬಂತು. ಕಹಿಯಾಗಿದೆಯಲ್ಲ, ಏನೂ ಆಗುವುದಿಲ್ಲ ಎಂದು ಮನಸ್ಸಿಗೆ ನಾನೇ ಸಮಾಧಾನ ಹೇಳಿದೆ.

ಕಷ್ಟ ಶುರುವಾದದ್ದು ಬಚ್ಚಿಡುವ ವಿಷಯದಲ್ಲಿ. ಮನೆಯವರ ಬಾಯಿಂದ ಬೆಲ್ಲ ಕಿತ್ತುಕೊಂಡವಳು ಚಾಕಲೇಟು ಮೆಲ್ಲುತ್ತಾ ಸಿಕ್ಕಿಬಿದ್ದರೆ ಮಾನ ಉಳಿದೀತೆ? ಬೀರುವಿನಲ್ಲಿಟ್ಟರೆ ಇರುವೆಗಳು ಸೀರೆಗಳ ಮೇಲೆ ಮೆರವಣಿಗೆ ಹೊರಟವು. ವ್ಯಾನಿಟಿ ಬ್ಯಾಗಿಗೆ ಸ್ಕೂಟರ್ ಕೀ ಹುಡುಕುತ್ತಾ ಯಜಮಾನರು ದಿನಕ್ಕೆರಡು ಸಲ ಕೈ ಹಾಕುತ್ತಾರೆ. ಫ್ರಿಜ್ಜಂತೂ ಸಾರ್ವಜನಿಕ ಸ್ಥಳ. ಕೊನೆಗೆ ಹೊಳೆದದ್ದು ಒಲೆಯ ಮೇಲಿನ ಶೆಲ್ಫು. ಅಲ್ಲಿ ತ್ರಿಫಲಾ ಚೂರ್ಣ, ಅಮೃತಬಳ್ಳಿ ಕಷಾಯ ಮುಂತಾಗಿ ನಾನೇ ಉತ್ಸಾಹದಿಂದ ತಂದು ಯಾರೂ ಕುಡಿಯದ ಔಷಧಿಗಳು ಸಾಲಾಗಿ ನಿಂತಿವೆ. ನಮ್ಮ ಮನೆಯಲ್ಲಿ ಅತ್ತ ಕಡೆ ಬೇಕೆಂದು ಕಣ್ಣು ಹಾಯಿಸುವ ಒಂದು ಪ್ರಾಣಿಯೂ ಇಲ್ಲ. ಖಾಲಿಯಾಗಿದ್ದ ಒಂದು ಲೇಹ್ಯದ ಡಬ್ಬಿಯನ್ನು ತೊಳೆದು, ಬಾರ್‌ಗಳನ್ನು ಮುರಿದು ತುಂಬಿಟ್ಟೆ. ಬೆಳಗ್ಗೆ ಕುಕ್ಕರು ಮೂರನೇ ವಿಸಿಲ್ ಹಾಕುವಾಗ ಒಂದು ತುಂಡು, ಸಂಜೆ ಆಫೀಸಿಂದ ಬಂದು ಮುಖ ತೊಳೆದ ಮೇಲೆ ಒಂದು. ನನ್ನ ಬುದ್ಧಿವಂತಿಕೆಗೆ ನಾನೇ ತಲೆದೂಗಿದೆ.

ಏಪ್ರಿಲ್ ತಿಂಗಳ ಬಿಸಿಲನ್ನೂ ಕೆಳಗಿನ ಒಲೆಯ ಶಾಖವನ್ನೂ ಈ ಬುದ್ಧಿವಂತಿಕೆ ಲೆಕ್ಕಕ್ಕೆ ಹಿಡಿದಿರಲಿಲ್ಲ. ಒಂದು ಭಾನುವಾರ ಹೊಟ್ಟೆ ಉಬ್ಬರವೆಂದು ಓಂಕಾಳು ಹುಡುಕಲು ಮಗನನ್ನು ಸ್ಟೂಲ್ ಹತ್ತಿಸಿದ ನಮ್ಮತ್ತೆ, ಅವರು ಕೆಳಗಿಳಿಸಿದ ಡಬ್ಬಿಗಳನ್ನು ಒಂದೊಂದಾಗಿ ಮುಚ್ಚಳ ತೆಗೆದು ಮೂಸುತ್ತಾ ಕೂತಿದ್ದರು. ನಾನು ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಲೇಹ್ಯದ ಡಬ್ಬಿ ಅವರ ತೊಡೆಯ ಮೇಲಿತ್ತು. ಒಳಗಿನ ತುಂಡುಗಳೆಲ್ಲ ಕರಗಿ, ಕಪ್ಪಗೆ ಮಿರಮಿರ ಮಿಂಚುವ ಅಪ್ಪಟ ಲೇಹ್ಯವೇ ಆಗಿಬಿಟ್ಟಿತ್ತು. ಅತ್ತೆ ಕಿರುಬೆರಳು ಅದ್ದಿ ನಾಲಿಗೆಗೆ ಹಚ್ಚಿದರು. 

"ಕಹಿ ಐತಲ್ಲೇ! ಯಾವ ಪಂಡಿತ್ರು ಕೊಟ್ಟಿದ್ದು?" ಎಂದರು.

ಪಕ್ಕದಲ್ಲಿ ಯಜಮಾನರು, ಸಕ್ಕರೆಯಿಲ್ಲದ ಕಾಫಿಯ ಲೋಟ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ಕೈಯಲ್ಲಿ ಆ ಲೋಟ ಇಲ್ಲದಿದ್ದರೆ ಬಹುಶಃ ನಾನು ನಿಜ ಹೇಳುತ್ತಿದ್ದೆ. "ಕೆಂಗೇರಿ ಹತ್ರ ಒಬ್ರು ಪಂಡಿತರಿದಾರೆ ಅತ್ತೆ. ಸುಸ್ತಿಗೆ, ಮಂಡಿ ನೋವಿಗೆ ಒಳ್ಳೇದಂತೆ. ಕಾಲು ಚಮಚ ಅಷ್ಟೇ ತಗೋಬೇಕು" ಎಂದುಬಿಟ್ಟೆ. ಕಾಲು ಚಮಚ ಎಂದದ್ದು ಔಷಧಿಯ ಮಹಿಮೆಯಿಂದಲ್ಲ, ಡಬ್ಬಿ ಬೇಗ ಖಾಲಿಯಾಗದಿರಲಿ ಎಂಬ ಆಸೆಬುರುಕತನದಿಂದ. ಹೆಚ್ಚು ಬೇಕೆನಿಸದಿರಲಿ ಎಂದು ಮೇಲೆ ಒಂದಷ್ಟು ಪಥ್ಯವನ್ನೂ ಸೇರಿಸಿದೆ: ಪೂರ್ವಕ್ಕೆ ತಿರುಗಿ ನಿಲ್ಲಬೇಕು, ಅಗಿಯಬಾರದು, ಕರಗುವ ತನಕ ಮಾತಾಡಬಾರದು, ಬದನೆಕಾಯಿ ಮುಟ್ಟಬಾರದು. ಬದನೆಕಾಯಿ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಪಥ್ಯ ಎಂದ ಮೇಲೆ ಒಂದು ಬದನೆಕಾಯಿ ಇರಲಿ ಎನಿಸಿತು.

ತಾಯಿ ಮಗ ಇಬ್ಬರೂ ಶುರುಮಾಡಿ ನಾಲ್ಕೇ ದಿನ. ಅತ್ತೆ ಗೋಡೆ ಹಿಡಿಯದೆ ಮಹಡಿ ಹತ್ತಿದರು. ಯಜಮಾನರು "ಏನೋ ಒಂಥರಾ ಚೈತನ್ಯ ಕಣೇ" ಎನ್ನುತ್ತಾ ವಾಕಿಂಗಿನಲ್ಲಿ ಪಾರ್ಕಿಗೆ ಎರಡು ಸುತ್ತು ಹೆಚ್ಚು ಹಾಕಿದರು. ಅಷ್ಟು ತಿಂಗಳ ಸಪ್ಪೆ ಬಾಳಿನಲ್ಲಿ ಮೊದಲ ಬಾರಿಗೆ ನಾಲಿಗೆಗೆ ಏನೋ ರುಚಿಯಾದದ್ದು ಬಿದ್ದರೆ ಯಾರಿಗೆ ತಾನೇ ಚೈತನ್ಯ ಬರುವುದಿಲ್ಲ? ಆದರೆ ಅದನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಅತ್ತೆಯ ಪಾರ್ಕಿನ ಗೆಳತಿಯರಿಗೆ ಸುದ್ದಿ ಹೋಯಿತು, ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ ಸ್ಯಾಂಪಲ್ ಹೋಯಿತು. ಸಿಹಿಯಾಗಿದ್ದಿದ್ದರೆ ಅರ್ಧ ಜನ ಅನುಮಾನ ಪಡುತ್ತಿದ್ದರು. ಕಹಿಯಾಗಿತ್ತು ನೋಡಿ, ಎಲ್ಲರೂ ನಂಬಿದರು. ನಮ್ಮ ಜನಕ್ಕೆ ಮುಖ ಕಿವುಚುವ ಹಾಗಿರಬೇಕು, ಆಗಲೇ ಅದು ಮೈಗೆ ಹಿಡಿಯುವುದು. ಒಬ್ಬರಿಗೆ ಸೊಂಟ ನೋವು ಇಳಿಯಿತು, ಇನ್ನೊಬ್ಬರಿಗೆ ನಿದ್ದೆ ಬಂತು, ಮತ್ತೊಬ್ಬರಿಗೆ ನಿದ್ದೆ ಹೋಗಿ ಚುರುಕಾಯಿತು. ಪಂಡಿತರ ವಿಳಾಸ ಕೇಳಿದವರಿಗೆ, ಅವರು ಯಾರನ್ನೂ ನೋಡುವುದಿಲ್ಲ, ಫೋನು ಇಟ್ಟುಕೊಂಡಿಲ್ಲ ಎಂದೆ. ಅದಕ್ಕೆ ಅವರ ಮೇಲಿನ ಭಕ್ತಿ ಇನ್ನಷ್ಟು ಜಾಸ್ತಿಯಾಯಿತು. ಭಾನುವಾರ ಅತ್ತೆ ಮಠದ ಪ್ರವಚನಕ್ಕೆ ಹೋದಾಗ ನಾನು ಬಾಗಿಲು ಹಾಕಿಕೊಂಡು, ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು, ಬಾರ್‌ಗಳನ್ನು ಕರಗಿಸಿ, ತಿರುಗಿ ಗಟ್ಟಿಯಾಗದಿರಲೆಂದು ನಾಲ್ಕು ಹನಿ ಎಣ್ಣೆ ಬಿಟ್ಟು ಕಲಸುತ್ತಿದ್ದೆ. ನನ್ನ ಪಾಲಿಗೆ ಉಳಿಯುತ್ತಿದ್ದುದು ಬಟ್ಟಲಿಗೆ ಮೆತ್ತಿದ್ದು ಮಾತ್ರ.

ಇದೆಲ್ಲ ನಗುವಿನ ಮಾತಾಗಿಯೇ ನಡೆದುಹೋಗುತ್ತಿತ್ತೇನೋ. ಆದರೆ ಒಂದು ಸಂಜೆ ಎದುರು ಮನೆಯ ಶಾರದಮ್ಮ ಬಾಟಲಿ ತುಂಬಿಸಿಕೊಳ್ಳಲು ಬಂದರು. ಅವರಿಗೆ ನನ್ನ ಹಾಗೆ ಬಾರ್ಡರ್ ಅಲ್ಲ, ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ಕಾಲಿನ ಬೆರಳಿನ ಗಾಯ ಒಣಗಲು ವರ್ಷ ಹಿಡಿದಿತ್ತು. ಜಗಲಿಯ ಮೇಲೆ ಅತ್ತೆಯೂ ಪಾರ್ಕಿನ ಇನ್ನಿಬ್ಬರು ಗೆಳತಿಯರೂ ಕೂತಿದ್ದರು. ಶಾರದಮ್ಮ ಖುಷಿಯಿಂದ ಹೇಳಿದರು: "ನಿನ್ನ ಲೇಹ್ಯ ತಗೊಂಡಾಗಿಂದ ಮೈ ಹಗುರ ಆಗಿದೆ ಕಣಮ್ಮ ಶೈಲಾ. ಮೂರು ದಿನದಿಂದ ಶುಗರ್ ಮಾತ್ರೆ ಬಿಟ್ಟೇಬಿಟ್ಟಿದೀನಿ. ಯಾಕೆ ಬೇಕು ಆ ಇಂಗ್ಲಿಷ್ ಔಷಧಿ?"

 ಈ ಹೆಂಗಸಿಗೆ ಏನಾದರೂ ಆದರೆ ಯಾರ ತಲೆಗೆ ಬರುತ್ತದೆ? ತಲೆಗೆ ಬರುವುದು ಹಾಗಿರಲಿ, ನನ್ನ ಒಂದು ತುಂಡು ಚಾಕಲೇಟಿನ ಆಸೆಗೆ, ನನ್ನ ಒಂದು ಪೊಳ್ಳು ಮರ್ಯಾದೆಗೆ ಇಂಥ ಒಳ್ಳೆಯ ಜೀವವನ್ನು ಬಲಿ ಕೊಡಲೇ? ಹೋಗಲಿ ಮಾನ ಎಂದುಕೊಂಡು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. "ಶಾರದಮ್ಮ, ತಪ್ಪಾಯ್ತು, ಅದು ಲೇಹ್ಯ ಅಲ್ಲ. ಚಾಕಲೇಟು. ಪಂಡಿತರೂ ಇಲ್ಲ, ಏನೂ ಇಲ್ಲ. ನಾನು ಕದ್ದು ತಿನ್ನೋಕೆ ಇಟ್ಕೊಂಡಿದ್ದು."

 ನಾಲ್ಕೂ ಜನ ಬಿದ್ದು ಬಿದ್ದು ನಕ್ಕರು. "ಚಾಕಲೇಟ್ ಇಷ್ಟು ಕಹಿ ಇರುತ್ತಾ? ನಾವೇನು ಚಾಕಲೇಟ್ ಕಾಣದವರಾ?" ಎಂದರು ಒಬ್ಬರು. ಒಳಗೆ ಓಡಿ ಹೊಸ ಬಾರ್ ತಂದು ಮುರಿದು ಎಲ್ಲರ ಕೈಗೂ ಕೊಟ್ಟೆ. ಚಪ್ಪರಿಸಿ ನೋಡಿದ ಶಾರದಮ್ಮ, "ರುಚಿ ಹತ್ತತ್ರ ಇದೆ, ಆದ್ರೆ ಇದರಲ್ಲಿ ಆ ಗುಣ ಇಲ್ಲ ಬಿಡು" ಎಂದು ತೀರ್ಪು ಕೊಟ್ಟರು. ಕೊನೆಗೆ ನಮ್ಮತ್ತೆ, "ಅವಳಿಗೆ ದಿನಾ ಮಾಡಿ ಹಂಚಿ ಸಾಕಾಗೈತೆ, ಅದಕ್ಕೇ ಏನೇನೋ ಹೇಳ್ತಾಳೆ. ಪಾಪ, ಆಫೀಸೂ ನೋಡ್ಬೇಕಲ್ಲ" ಎಂದು ನನ್ನ ಸತ್ಯವನ್ನು ಸೆರಗಿನಲ್ಲಿ ಮುಚ್ಚಿ ಪಕ್ಕಕ್ಕಿಟ್ಟರು. ಜನ್ಮದಲ್ಲಿ ಒಮ್ಮೆ ಧೈರ್ಯ ಮಾಡಿ ನಿಜ ಹೇಳಿದರೆ ಅದಕ್ಕೆ ಸಿಕ್ಕ ಮರ್ಯಾದೆ ಇಷ್ಟು.

ನನಗೆ ರೇಗಿಹೋಯಿತು. ನಿಜ ಬೇಡವೇ? ಸರಿ. ಎದ್ದು ನಿಂತು ದನಿ ತಗ್ಗಿಸಿ, "ಹಾಗಾದ್ರೆ ಕೇಳಿ. ನಿನ್ನೆ ಪಂಡಿತರು ಹೇಳಿ ಕಳಿಸಿದಾರೆ. ಡಾಕ್ಟರು ಕೊಟ್ಟ ಮಾತ್ರೆ ಬಿಟ್ಟು ಈ ಲೇಹ್ಯ ತಗೊಂಡ್ರೆ ಅದು ಮೈಯಲ್ಲಿ ವಿಷ ಆಗುತ್ತಂತೆ. ತಿಂಗಳಿಗೊಂದು ಸಲ ರಕ್ತ ಪರೀಕ್ಷೆ ಮಾಡಿಸಿ ಚೀಟಿ ತೋರಿಸದಿದ್ರೆ ಇನ್ನು ಲೇಹ್ಯ ಕೊಡೋಲ್ವಂತೆ" ಎಂದೆ. ಶಾರದಮ್ಮನ ಮುಖ ಬಿಳಿಚಿಕೊಂಡಿತು. "ಅಯ್ಯೋ, ಮೊದಲೇ ಹೇಳಬಾರದಿತ್ತಾ!" ಎನ್ನುತ್ತಾ, ಬಾಟಲಿಯನ್ನೂ ಬಿಟ್ಟು ಮಾತ್ರೆ ನುಂಗಲು ಮನೆಗೆ ಓಡಿದರು. ಮರುದಿನವೇ ಅವರ ಮಗ ಡಾಕ್ಟರ ಬಳಿಗೆ ಕರೆದುಕೊಂಡು ಹೋದ. ದೇವರು ದೊಡ್ಡವನು, ಏನೂ ಆಗಿರಲಿಲ್ಲ. ತಪ್ಪದೆ ರಕ್ತ ಪರೀಕ್ಷೆ ಮಾಡಿಸಿ ಎಂದು ಇಪ್ಪತ್ತು ವರ್ಷದಿಂದ ಡಾಕ್ಟರು ಹೇಳಿ ಹೇಳಿ ಸೋತಿದ್ದನ್ನು, ಹುಟ್ಟಿಯೇ ಇರದ ಪಂಡಿತರು ಒಂದು ಮಾತಿನಲ್ಲಿ ಮಾಡಿಸಿದ್ದರು.

ಅವತ್ತು ಸಂಜೆ ಎಲ್ಲರೂ ಹೋದ ಮೇಲೆ ಅತ್ತೆ ನನ್ನನ್ನು ಹತ್ತಿರ ಕರೆದು, ಎಲೆ ಅಡಿಕೆ ಚೀಲದ ಒಳಗಿನಿಂದ ಉಗುರಿನಗಲದ ಒಂದು ಬೆಳ್ಳಿ ಕಾಗದದ ಚೂರು ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು.

"ಮೊದಲನೇ ದಿನ ನಿನ್ನ ಲೇಹ್ಯದಾಗೆ ಇದು ಸಿಕ್ತು. ಪಂಡಿತ್ರು ಔಷಧಿಗೆ ಬ್ಯಾಗಡಿ ಸುತ್ತಿ ಕೊಡ್ತಾರೇನೇ?"

ನಾನು ಭೂಮಿಗೆ ಇಳಿದುಹೋದೆ. "ಗೊತ್ತಿದ್ದೂ ಯಾಕತ್ತೆ ಸುಮ್ಮನಿದ್ರಿ? ಈಗಲಾದ್ರೂ ನನ್ನ ಮಾತಿಗೆ ಹೌದು ಅನ್ನಬಾರದಿತ್ತಾ?"

"ಹೌದು ಅಂದಿದ್ರೆ ನಾಳೆಯಿಂದ ಇದೂ ಬೀರು ಸೇರ್ತಿತ್ತು. ನಂಗೆ ಈ ವಯಸ್ಸಲ್ಲಿ ಇರೋದು ಎಷ್ಟು ದಿನ, ಅಷ್ಟೂ ದಿನ ಸಪ್ಪೆ ತಿಂದು ಸಾಯ್ಲಾ?" ಎಂದರು. ನಗುತ್ತಲೇ ಹೇಳಿದರು, ಆದರೆ ನನಗೆ ಚುರ್ರೆಂದಿತು. ಏನೂ ಕಾಯಿಲೆ ಇಲ್ಲದ ಮುದುಕಿಯ ಬಾಯಿಂದ ಬೆಲ್ಲ ಕಸಿದದ್ದು ಆರೋಗ್ಯಕ್ಕಲ್ಲ, ನನ್ನ ಜೋರು ತೋರಿಸುವುದಕ್ಕೆ ಎಂದು ಅವರಿಗೆ ಗೊತ್ತಿತ್ತು, ಈಗ ನನಗೂ ಗೊತ್ತಾಯಿತು. ಕಣ್ಣಲ್ಲಿ ನೀರು ಬಂತು. ಅವರ ಕೈ ಹಿಡಿದು, ಇನ್ನು ಮುಚ್ಚುಮರೆ ಬೇಡ, ಇಬ್ಬರೂ ಕೂತು ತಿನ್ನೋಣ ಎಂದು ಡಬ್ಬಿಯತ್ತ ಕೈ ಚಾಚಿದೆ. ಅತ್ತೆ ಡಬ್ಬಿಯನ್ನು ಮೆತ್ತಗೆ ತಮ್ಮ ಪಕ್ಕಕ್ಕೆ ಎಳೆದುಕೊಂಡರು. "ನಂಗೇನೂ ಇಲ್ಲ, ನಾನು ತಿಂತೀನಿ. ನಿಂದು ಬಾರ್ಡರ್ ಅಲ್ವಾ? ಡಾಕ್ಟ್ರು ಸ್ವಲ್ಪ ಅಂದಿದಾರೆ" ಎಂದರು.

ಈಗ ಡಬ್ಬಿ ಇರುವುದು ಅವರ ಮಂಚದ ಪಕ್ಕದಲ್ಲಿ. ತರುವವಳು ನಾನು, ಕರಗಿಸುವವಳು ನಾನು, ತುಂಬುವವಳು ನಾನು. ಬೆಳಗ್ಗೆ ಆಫೀಸಿಗೆ ಹೊರಡುವ ಮುಂಚೆ ಅವರ ಮುಂದೆ ಪೂರ್ವಕ್ಕೆ ತಿರುಗಿ ಬಾಯಿ ತೆರೆದು ನಿಲ್ಲುತ್ತೇನೆ. ಅವರು ಕಾಲು ಚಮಚವನ್ನು ಡಬ್ಬಿಯ ಅಂಚಿಗೆ ಸವರಿ ಸಮ ಮಾಡಿ, ಹೆಚ್ಚಿದ್ದನ್ನು ಒಳಕ್ಕೆ ಕೆಡವಿ, ನನ್ನ ನಾಲಿಗೆಗೆ ಒರೆಸುತ್ತಾರೆ. ಇದೇನೂ ತಿಳಿಯದ ಯಜಮಾನರು ಪೇಪರಿನಿಂದ ತಲೆಯೆತ್ತಿ, "ನಿನ್ನ ಆರೋಗ್ಯದ ಮೇಲೆ ಅವ್ವಂಗೆ ಎಷ್ಟು ಕಾಳಜಿ ನೋಡು ಶೈಲಾ, ಸ್ವಂತ ಮಗಳಿಗೂ ಯಾರೂ ಹಿಂಗೆ ಮಾಡಲ್ಲ" ಎನ್ನುತ್ತಾರೆ. ಬಾಯಲ್ಲಿ ಲೇಹ್ಯ ಇರುವಾಗ ಮಾತಾಡುವ ಹಾಗಿಲ್ಲವಲ್ಲ, ಹೌದು ಹೌದೆಂದು ತಲೆಯಾಡಿಸಿ ಬಸ್ಸಿಗೆ ಓಡುತ್ತೇನೆ.